ನಡು ಮುಚ್ಚಿದಾಗ

ವಿಲ್ನಿಯಸ್ಸಿನಲ್ಲಿ ಜನವರಿ. ಸಂಜೆ ನಾಲ್ಕೂವರೆಗೇ ಕತ್ತಲು.
ನೆಲಮಾಳಿಗೆಯ ಮೇಜಿನ ಮೇಲೊಂದು ಹಸಿರು ಗೆರೆ
ಕನ್ನಡಿಯಿಂದ ಕನ್ನಡಿಗೆ ಜಿಗಿದು ಬಂದು
ಮಸೂರದ ಬಾಯಲ್ಲಿ ಮುಳುಗುತ್ತದೆ.
ಆಮೇಲೆ ಅದು ಏನಾಗುತ್ತದೆ ಎಂಬುದೇ
ಸ್ಕಿರ್ಮಾಂಟೆಯ ನಾಲ್ಕು ವರ್ಷದ ದುಡಿಮೆ.

ಬೇಕಾದದ್ದು ಸೂಜಿ.
ಗೋಣಿ ಹೊಲಿಯುವ ದಬ್ಬಳದ ಹಾಗೆ ನೀಳ,
ದಪ್ಪ ಮಾತ್ರ
ಒಂದು ಕೂದಲನ್ನು ಮುನ್ನೂರು ಸಲ ಸೀಳಿದರೆ ಸಿಕ್ಕಬಹುದಾದ ಎಳೆಯಷ್ಟು.
ಬರುತ್ತಿರುವುದು ಚುಕ್ಕೆ.
ಗಿಡ್ಡ, ಡೊಳ್ಳುಹೊಟ್ಟೆಯ, ಸೋಮಾರಿ ಚುಕ್ಕೆ.
ಬಿಗಿ ಹಿಡಿದಷ್ಟೂ ಬೇಗ ಚದುರಿಹೋಗುತ್ತದೆ,
ಮುಷ್ಟಿಯೊಳಗಿನ ಹಿಟ್ಟು.

ಬೆಳಕಿನದು ಹಳೆಯ ನಡತೆ:
ಹೋಗುವುದು ಮುಂದಕ್ಕೆ, ನಡುಗುವುದು ಅಡ್ಡಕ್ಕೆ.
ಆ ನಡುಕವನ್ನು ಅವಳು ಬಾಚಿದಳು,
ಒಂದೇ ದಿಕ್ಕಿಗಲ್ಲ,
ನಡುವಿನಿಂದ ಹೊರಕ್ಕೆ, ಸುತ್ತಲೂ,
ಬಂಡಿಗಾಲಿಯ ಅರಗಳ ಹಾಗೆ.
ಗಾಲಿಗೂ ನಾಭಿ, ಮಸೂರಕ್ಕೂ ನಾಭಿ.
ಅಂಚಿನಿಂದ ಕಡಿದಾಗಿ ಬಾಗಿ ಇಳಿದ ಅರಗಳು ಅಲ್ಲಿ ಎದುರುಬದುರಾದಾಗ
ಅಡ್ಡ ನಡುಕಗಳು ಒಂದನ್ನೊಂದು ಒರೆಸಿಹಾಕುತ್ತವೆ.
ಉಳಿಯುವುದು ಉದ್ದ ನಡುಕ.
ತಾನು ಹೋಗುವ ದಾರಿಯ ಉದ್ದಕ್ಕೇ
ನಡುಗುವ ಬೆಳಕು!
ಶಾಲೆಯ ಪುಸ್ತಕ ಇದನ್ನು ಹೇಳಿಕೊಟ್ಟಿರಲಿಲ್ಲ.

ಹೇಳಿಕೊಟ್ಟಿರಲಿಲ್ಲ, ಸರಿ. ಆದರೂ ಚುಕ್ಕೆ ಚುಕ್ಕೆಯೇ.

ರಿಮ್ವಿದಾಸ್ ಮಂಗಳವಾರ, ಶುಕ್ರವಾರ ಬರುತ್ತಾನೆ.
ಎಪ್ಪತ್ತೊಂದು. ಒಂದು ಕಾಲಕ್ಕೆ ಯಾರದೋ ಸೈನ್ಯದ
ದುರ್ಬೀನುಗಳಿಗೆ ಗಾಜು ಉಜ್ಜಿದ ಕೈ,
ಇವತ್ತಿಗೂ ರಾಳದ ವಾಸನೆ.
ಕರಿ ರೊಟ್ಟಿಯ ಮೇಲೆ ಹೊಗೆಮೀನು ಇಟ್ಟು ಜಗಿಯುತ್ತ
ಪರದೆ ನೋಡಿದ. ಬೆರಳು ಒರೆಸಿಕೊಂಡ.
"ನಡು ಮುಚ್ಚು."
"ಮುಚ್ಚಿದರೆ ಹತ್ತರಲ್ಲಿ ಒಂಬತ್ತು ಪಾಲು ಬೆಳಕು ಹೋಯಿತು."
"ಹೋಗಲಿ. ಅಷ್ಟನ್ನೂ ಇಟ್ಟುಕೊಂಡು
ಇಷ್ಟು ದಿನ ಏನು ಕಡಿದು ಕಟ್ಟೆ ಹಾಕಿದೆ?"

ಮುಂದಿನ ಶುಕ್ರವಾರ ಕೋಟಿನ ಜೇಬಿನಿಂದ
ಹತ್ತಿಯಲ್ಲಿ ಸುತ್ತಿದ ಗಾಜಿನ ಬಿಲ್ಲೆ ತೆಗೆದ.
ನಡುವೆ ಲೋಹದ ಕಪ್ಪು ಬೊಟ್ಟು,
ಕೂಸಿನ ಕೆನ್ನೆಗೆ ಇಟ್ಟದ್ದಕ್ಕಿಂತ ತುಸು ದೊಡ್ಡದು.
ಸುತ್ತ ಉಳಿದದ್ದು ಬಳೆಯಷ್ಟು ಬಯಲು.

ಟ್ರಾಲಿಬಸ್ಸು ಓಡುವವರೆಗೆ ಮೇಜಿಗೆ ನೆಮ್ಮದಿಯಿಲ್ಲ.
ಕೊನೆಯದು ಸೇತುವೆ ದಾಟಿ ಹೋಯಿತು.
ನೆರಿಸ್ ನದಿಯ ಮೇಲೆ ಹಿಮದ ಹಲಗೆಗಳು ಸದ್ದಿಲ್ಲದೆ ಜರುಗುತ್ತಿದ್ದವು.
ಸ್ಕಿರ್ಮಾಂಟೆ ಉಸಿರು ಹಿಡಿದು
ಬಿಲ್ಲೆಯನ್ನು ದಾರಿಗೆ ಅಡ್ಡ ಇಟ್ಟಳು.

ತೆಳು ಪೊರೆಯೊಳಗೆ ಬಣ್ಣದ ಅಣುಗಳು, ಬಿದ್ದ ಹಾಗೆ ಬಿದ್ದಿವೆ.
ಮಲಗಿದವು ಮಲಗಿಯೇ ಇದ್ದವು.
ನೆಟ್ಟಗೆ ನಿಂತವು ಮಾತ್ರ ಕಣ್ಣು ಬಿಟ್ಟವು.
ಪೊರೆಯನ್ನು ಒಂದು ಎಳೆ ಕೆಳಗಿಳಿಸಿದಳು: ಇದೆ.
ಇನ್ನೊಂದು ಎಳೆ: ಇದೆ.
ಎರಡು ಅಲೆಯುದ್ದ. ಮೂರು. ಇದೆ, ಇದೆ.
ನಾಲ್ಕೂಕಾಲಿಗೆ ಮಂಕಾಯಿತು.
ಪೆನ್ಸಿಲಿನ ಮೊನೆ ಮುರಿದು
ನಾಲ್ಕೂಕಾಲು ಎಂಬುದನ್ನು ಉಗುರಿನಲ್ಲೇ ಒತ್ತಿ ಬರೆದಳು.

ಅವಳನ್ನು ಕಾಡಿದ್ದು ಉದ್ದವಲ್ಲ.
ಲೆಕ್ಕ ಎರಡು ಸಲ ಮಾಡಿದಳು, ಉತ್ತರ ಒಂದೇ:
ಸೂಜಿಯ ನಟ್ಟನಡುವಿನ ಗೆರೆಯಲ್ಲಿ
ಶಕ್ತಿಯ ಹರಿವು ಸೊನ್ನೆ.
ಅಲ್ಲಿ ಬೆಳಕು ಇದೆ. ಧಗಧಗ ಇದೆ.
ಎಲ್ಲಿಗೂ ಹೋಗುತ್ತಿಲ್ಲ.
ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರು ಓಡಿ ಬಂದದ್ದು
ಇಲ್ಲಿ, ಈ ತಣ್ಣನೆಯ ನೆಲಮಾಳಿಗೆಯಲ್ಲಿ,
ಹೆಜ್ಜೆ ಎತ್ತದೆ ನಿಂತಲ್ಲೇ ಕುಣಿಯುತ್ತಿದೆ.
ಯಾಕೋ ಅವಳಿಗೆ ಕುರ್ಚಿ ಬಿಟ್ಟು ಏಳಬೇಕೆನಿಸಲಿಲ್ಲ.

ಒಂದೂಮುಕ್ಕಾಲಿಗೆ ಫೋನು ಮಾಡಿದಳು.
ಎತ್ತಿದವಳು ಅವನ ಹೆಂಡತಿ ಗೆನೊವಾಯ್ಟೆ, ಗಾಬರಿಯಲ್ಲಿ.
ಆಮೇಲೆ ಕೆಮ್ಮು. ಆಮೇಲೆ ಅವನು.
"ಸೂಜಿ?"
"ಸೂಜಿ."
"ಪಕ್ಕದಲ್ಲಿ ಉಂಗುರಗಳು ಎದ್ದಿವೆಯಾ, ಮಸುಕಾಗಿ?"
"ಎದ್ದಿವೆ."
"ಏಳುತ್ತವೆ. ನಡು ಮುಚ್ಚಿದರೆ ಪಕ್ಕ ಸುಮ್ಮನಿರುವುದಿಲ್ಲ.
ಬಿಲ್ಲೆಯನ್ನು ಹತ್ತಿಯಲ್ಲಿ ಸುತ್ತಿಡು. ಬೆರಳು ತಾಗಿಸಬೇಡ."

ಅವನು ಬಿಟ್ಟುಹೋದ ರೊಟ್ಟಿಯ ಅಂಚು ಗಟ್ಟಿಯಾಗಿತ್ತು.
ದವಡೆಯಲ್ಲಿ ನೆನೆಸಿಕೊಂಡು ತಿಂದಳು,
ಹಸಿರು ಗೆರೆಯನ್ನು ಆರಿಸದೆ.