ತೊಂಬತ್ತಾರು ಗುಳಿಗಳು

ಇದನ್ನು ಕೆಳಗಿನಿಂದ ಓದಬೇಕು, ಯೊರಿಟ್,
ಕನ್ನಡಿಯ ಮೇಲೆ ಎತ್ತಿ ಹಿಡಿದು.
ದೀಪ ಓರೆಯಾಗಿರಲಿ.
ಹಾರ್ಲೆಮಿನ ಕಾಲುವೆಯಲ್ಲಿ ಮರಳಿನ ದೋಣಿ ಹೋಗುತ್ತಿದೆ,
ಅದು ದಾಟಲಿ, ತಡೆ;
ಮೇಜು ನಡುಗಿದರೆ ತಳದ ಮಂಜು ಕದಡಿ
ತಟ್ಟೆ ಸುಳ್ಳು ಹೇಳುತ್ತದೆ.

ಎಡದಿಂದ ಬಲಕ್ಕೆ ಒಂದು ಔಷಧ, ಹೆಜ್ಜೆಗೊಮ್ಮೆ ಇಮ್ಮಡಿ.
ಮೇಲಿನಿಂದ ಕೆಳಕ್ಕೆ ಇನ್ನೊಂದು.
ನಡುವೆ ಅವೆರಡೂ ಸಂಧಿಸುವ ಮನೆಗಳು.
ಚದುರಂಗದ ಹಾಸು ಅನ್ನುತ್ತಾರೆ, ಆದರೆ
ಎದುರಾಳಿಗೆ ಇಲ್ಲಿ ಸರದಿಯ ಹಂಗಿಲ್ಲ:
ಎಲ್ಲ ಮನೆಯಲ್ಲೂ ಒಟ್ಟಿಗೇ ಕೂತಿದ್ದಾನೆ,
ಮೂವತ್ತೈದು ಡಿಗ್ರಿಯಲ್ಲಿ ಬೆಚ್ಚಗೆ, ಎರಡು ದಿನದಿಂದ.

ಶಾಲೆಯ ಲೆಕ್ಕ ಮರೆತುಬಿಡು.
ಇಲ್ಲಿ ಒಂದಕ್ಕೊಂದು ಕೂಡಿದರೆ ಅರ್ಧ ಬರಬೇಕು,
ಅರ್ಧ, ಇಲ್ಲವೇ ಇನ್ನೂ ಕಡಿಮೆ;
ಆಗ ಮಾತ್ರ ಜೋಡಿ ಅನ್ನುತ್ತೇವೆ.
ನಾಲ್ಕು ದಾಟಿದರೆ ಜಗಳ.
ನಡುವೆ ಬಿದ್ದದ್ದಕ್ಕೆ ‘ಉದಾಸೀನ’ ಎಂದು ಬರೆಯುವುದು.
ಬಹುಪಾಲು ಅದೇ ಬರುತ್ತದೆ.
ನಾನೂ ವೀಬೆಯೂ ಹನ್ನೊಂದು ವರ್ಷ ಅಲ್ಲೇ ಇದ್ದೆವು.

ಈ ಬೂಷ್ಟಿಗೆ ಹೆಸರಿಲ್ಲ, ನಾನೂರ ಹದಿನೇಳು, ಅಷ್ಟೆ.
ಎಡ ಶ್ವಾಸಕೋಶದ್ದು.
ಚೀಟಿಯಲ್ಲಿ ಊರು ಹಿಲೆಗೋಮ್,
ಕಸುಬು: ಟ್ಯೂಲಿಪ್ ಗಡ್ಡೆ ಸುಲಿಯುವುದು.
ಮೊದಲ ಔಷಧಕ್ಕೆ ಇದು ಜಗ್ಗುವುದಿಲ್ಲ;
ಅದರ ಒಡಹುಟ್ಟನ್ನು ಎಂದೋ ಕಂಡಿದೆ,
ಗಡ್ಡೆ ಕೊಳೆಯದಿರಲೆಂದು ಅದ್ದುವ ತೊಟ್ಟಿಯಲ್ಲಿ,
ಆಮೇಲೆ ತಿಪ್ಪೆಯ ಕಾವಿನಲ್ಲಿ, ನಿಧಾನಕ್ಕೆ, ಬೇಕಾದಷ್ಟು ಹೊತ್ತು.

ನಮ್ಮಮ್ಮ ಆ ತೊಟ್ಟಿಯ ಬಳಿ ಹದಿನಾರು ಶರತ್ಕಾಲ ನಿಂತವಳು,
ಮೊಣಕೈವರೆಗೆ ರಬ್ಬರ್ ಗ್ಲೌಸು.
ಸಂಜೆ ಬಂದು ಕೆನ್ನೆ ಸವರಿದರೆ ಬೆರಳಲ್ಲಿ ಒಂದು ಒಗರು ವಾಸನೆ.
ಹೂವಿನದೇ ಇರಬೇಕು ಅಂದುಕೊಂಡಿದ್ದೆ,
ಟ್ಯೂಲಿಪ್ಪಿಗೆ ಹೇಳಿಕೊಳ್ಳುವಂಥ ವಾಸನೆಯೇ ಇಲ್ಲವೆಂದು
ಗೊತ್ತಾಗುವತನಕ.

ಈಗ ಆರನೆಯ ಸಾಲು ನೋಡು. ಏಳನೆಯ ಮನೆ.
ತಿಳಿಯಾಗಿದೆಯೇ?
ಇರಲೆಂದು ನಿನ್ನ ಆಸೆ. ಮತ್ತೆ ನೋಡು.
ಅಂಚಿನಲ್ಲಿ ಒಂದು ಎಳೆ, ಜೇಡ ಅರ್ಧಕ್ಕೆ ಬಿಟ್ಟುಹೋದಂಥದ್ದು.
ಅದನ್ನೂ ಬೆಳವಣಿಗೆ ಎಂದೇ ಬರೆ.
ನಿನ್ನೆಯ ತಟ್ಟೆಯಲ್ಲಿ ಅರ್ಧ ಬಂದಿತ್ತು,
ಇವತ್ತು ಮುಕ್ಕಾಲು.
ಎರಡನ್ನೂ ಬರೆ. ಮೂರನೆಯದನ್ನು ಹಾಕು.

ಮೇಲಿನ ವಾರ್ಡಿನಿಂದ ಫೋನು ಬಂದರೆ
‘ಇನ್ನೂ ಓದುತ್ತಿದ್ದೇವೆ’ ಅನ್ನು.
ಬರದಿದ್ದರೂ ಓದು.

ಗುರುವಾರದಿಂದ ಬಂದಿಲ್ಲ.