ಹೇಳಿದಲ್ಲಿ

ನವನಗರದ ಆಸ್ಪತ್ರೆಯ ನೆಲಮಾಳಿಗೆಯಲ್ಲಿ
ಫಾರ್ಮಾಲಿನ್ ವಾಸನೆಗೆ ನನ್ನ ಕಣ್ಣು ಈಗ ಒದ್ದೆಯಾಗುವುದಿಲ್ಲ.
ಹದಿನಾಲ್ಕು ವರ್ಷ.
ಡಬ್ಬಿಯ ಮೇಲೆ ಚೀಟಿ:
ತಸ್ಲೀಮಾ ನದಾಫ, ಹತ್ತೊಂಬತ್ತು, ತೇರದಾಳ.
ಎಡ ಅಂಡಾಶಯದ ಗಡ್ಡೆ.

ಕೊಯ್ದೆ.
ಹೆಪ್ಪುಗಟ್ಟಿದ ತುಪ್ಪದಂಥ ಜಿಡ್ಡು,
ಅದರ ಹಿಂದೆ ಕೂದಲು, ಒಂದು ಗೇಣು, ಕಪ್ಪು,
ಬಾಚಣಿಕೆಯನ್ನೇ ಕಾಣದ್ದು,
ಆದರೂ ಯಾರೋ ಎಣ್ಣೆ ಹಚ್ಚಿ ಮಲಗಿಸಿದಂತೆ.
ಚಿಮಟದ ತುದಿಗೆ ಟಕ್ ಎಂದದ್ದು
ಹಲ್ಲು.
ದವಡೆ ಹಲ್ಲು. ಏನನ್ನೂ ಅಗಿದಿಲ್ಲ.

ಹೊಸ ಹುಡುಗ ಬಸಲಿಂಗ ಎರಡು ಹೆಜ್ಜೆ ಹಿಂದೆ ಸರಿದ.
ಹೆದರಬ್ಯಾಡೋ, ಅಂದೆ.
ಎಲ್ಲ ಕೋಶದೊಳಗೂ ಒಂದೇ ಪೋಥಿ.
ಕಣ್ಣಿನದು ಕಣ್ಣಿನ ಪುಟ ಓದಿ ಮುಚ್ಚಿಡುತ್ತದೆ,
ಚರ್ಮದ್ದು ಚರ್ಮದ ಪುಟ.
ತತ್ತಿಯಾಗಬೇಕಿದ್ದ ಇದಕ್ಕೆ ಮಾತ್ರ
ಇಡೀ ಪೋಥಿ ತೆರೆದೇ ಇತ್ತು.
ಯಾರೂ ಕರೆಯುವ ಮುಂಚೆ ಓದಲು ಕೂತಿತು,
ಕತ್ತಲಲ್ಲಿ, ಒಬ್ಬಂಟಿ, ಪುಟ ಸಿಕ್ಕಂತೆ.
ಹಲ್ಲು ಬಂತು, ಬಾಯಿ ಬರಲಿಲ್ಲ.

ಪಕ್ಕದ ಟ್ರೇಯಲ್ಲಿ ಇನ್ನೊಂದು ಡಬ್ಬಿ.
ಅದರ ಮೇಲಿನ ಹೆಸರು ಹೇಳುವುದಿಲ್ಲ.
ಒಂದು ಕಾಲಕ್ಕೆ ಜಠರದ ಕೋಶಗಳು, ತಮ್ಮ ಕೆಲಸ ಬಲ್ಲವು.
ಈಗ ಮಸೂರದಡಿ
ಜಠರವನ್ನೂ ಹೋಲವು, ಒಂದನ್ನೊಂದೂ ಹೋಲವು.
ಪೋಥಿ ಹರಿದಿದೆ.
ಎರಡಾಗು ಎಂಬ ಸಾಲೊಂದು ಉಳಿದು
ಅದನ್ನೇ ಓದುತ್ತವೆ, ಅದನ್ನೇ;
ಸಾಯುವ ಪುಟ ಎಲ್ಲೋ ಕಳೆದುಹೋಗಿದೆ.
ಡಾಕ್ಟರು ಆ ಸ್ಲೈಡಿನ ಮೇಲೆ ಬಹಳ ಹೊತ್ತು ಬಾಗಿದ್ದರು.
ಚಹಾ ಆರಿತು.

ಐದನೇ ದಿನ ಸಂಜೆ ಕಿಟಕಿಗೆ ಹುಸೇನಬಿ ಬಂದಳು,
ಸೆರಗಿಗೆ ಗಾದಿಯ ಹತ್ತಿ ಅಂಟಿತ್ತು.
"ಮಂದಿ ಕೂಸಂತಾರ್ರೀ. ಹುಡುಗಿಗಿ ಇನ್ನೂ ಲಗ್ನ ಆಗಿಲ್ಲ."
ಕೂಸಲ್ಲವಾ. ಕೂಸಿಗೆ ಇಬ್ಬರು ಬೇಕು,
ಇದಕ್ಕ ಯಾರೂ ಬೇಕಾಗಿಲ್ಲ.
ಸಾದಾ ಗಡ್ಡಿ. ತಗದಾರ, ಮುಗೀತು. ಬರದು ಕೊಟ್ಟೀವಿ.
ಓದಲು ಬಾರದ ಕಾಗದವನ್ನು
ಎರಡು ಸಲ ಮಡಚಿ, ಬಿಚ್ಚಿ, ಮತ್ತೆ ಮಡಚಿದಳು.

ಹಿಂದೆ, ಗೋಡೆಗೊರಗಿ ಹೊಲಿಗೆ ಹಿಡಿದು ನಿಂತವಳು
ಆಗ ಬಾಯಿಬಿಟ್ಟಳು:
"ಹಲ್ಲು ಮ್ಯಾಲಿಂದೋ ಕೆಳಗಿಂದೋ, ಅಕ್ಕಾ?
ಕೆಳಗಿಂದಾದ್ರ ಮಾಳಿಗಿ ಮ್ಯಾಲ ಒಗೀಬೇಕಲ್ಲ."

ಒಳಗೆ ಹೋಗಿ ಮತ್ತೊಮ್ಮೆ ನೋಡಿದೆ.
ದವಡೆಯೇ ಇಲ್ಲದ್ದಕ್ಕೆ ಮೇಲೆಲ್ಲಿ, ಕೆಳಗೆಲ್ಲಿ?
ನಾನು ತಿರುಗಿ ಬರುವಷ್ಟರಲ್ಲಿ ಅವರು ಬಸ್ಸಿಗೆ ಹೋಗಿದ್ದರು.

ಗದ್ದನಕೇರಿ ಕ್ರಾಸಿನ ಹತ್ತಿರ, ನನ್ನ ಬಸ್ಸು ನಿಂತಾಗ,
ನಾಲಿಗೆಯಿಂದ ನನ್ನವನ್ನು ಎಣಿಸಿದೆ.
ಇಪ್ಪತ್ತೆಂಟು.
ಹೇಳಿದಲ್ಲೇ ಕೂತಿದ್ದವು, ಒಂದೂ ಕದಲದೆ,
ಇವತ್ತಿಗೆ.