ಅಕ್ವಾ

ಇಟಲಿ ಭಾಷಾದಾಗ ನನಗ ಮೂರ ಶಬ್ದ ಬರತಾವ:
ಅಕ್ವಾ, ಓಲಿಯೊ, ಬೆಂಜೀನಾ.
ನೀರು, ಎಣ್ಣಿ, ಪೆಟ್ರೋಲು.
ಮೀಟರಿನ ಗಾಜಿನ ಮ್ಯಾಲ ಬಟ್ಟಿಟ್ಟು ಅಪ್ಪ ಕಲಿಸಿದ್ದ,
ಕಮರೀಪ್ಯಾಟಿ ಮೆಹರವಾಡೆಯವರ ಕೆಂಪು ಗಾಡಿ
ನಮ್ಮ ಶೆಡ್ಡಿಗೆ ಬಂದಾಗೊಮ್ಮೆ.
ಎರಡ ಬಾಗಲಾ, ಎರಡ ಸೀಟು, ಮ್ಯಾಲ ಅರಿವಿ ಟಾಪು.
"ಒಂದು ಚೀಲ ಜ್ವಾಳ ಹಿಡಿಯಾಂಗಿಲ್ಲ, ಇದೂ ಒಂದು ಗಾಡಿ!"
ಅಂತಿದ್ಲು ಅವ್ವ.

ಈಗ ಮತ್ತ ಬಂದೈತಿ, ತಾರಿಹಾಳಕ್ಕ,
ಟ್ರ್ಯಾಕ್ಟರಿನ ಹಿಂದ ಹಗ್ಗ ಕಟ್ಟಿಸಿಕೊಂಡು.
ಇಪ್ಪತ್ತೆಂಟು ವರ್ಷ ಹತ್ತಿ ಗೋಡೌನಿನ್ಯಾಗ ಕುಂತು
ಸೀಟಿನ ತುಂಬ ಇಲಿ ಸಂಸಾರ.
ಸಣ್ಣ ಸಾಹುಕಾರ್ರು (ಅವರಿಗೂ ಈಗ ಅರವತ್ತು) ಅಂದ್ರು:
"ಕಂಪನಿಯಿಂದ ಹೆಂಗ ಬಂದಿತ್ತೋ ಹಂಗ ಮಾಡು, ಕಾಳಮ್ಮ.
ಒಂದು ನಟ್ಟೂ ಹೆಚ್ಚಿಲ್ಲ, ಒಂದು ನಟ್ಟೂ ಕಡಿಮಿಲ್ಲ."

ಕೆರಕೋತ ಹ್ವಾದೆ.
ಕೆಂಪಿನ ಕೆಳಗ ಇನ್ನೊಂದು ಕೆಂಪು, ಅದರ ಕೆಳಗ ಬೂದಿ ಪ್ರೈಮರು,
ಅದರ ಕೆಳಗ ಯಾರೂ ನೆನಪಿಟ್ಟಿರದ ತಿಳಿನೀಲಿ,
ಬಳ್ಳೊಳ್ಳಿ ಸಿಪ್ಪಿಯಷ್ಟು ತೆಳು.
ಸಾಹುಕಾರ್ರು ಸ್ಟೂಲಿನ ಮ್ಯಾಲ ಕುಂತ್ರು.
ಮನ್ಯಾಗಿನ ಹಳೇ ಫೋಟೋ ಎಲ್ಲಾ ಕಪ್ಪು ಬಿಳಿ.

ಪುಣೇದಿಂದ ಒಬ್ಬಾವ ಬಂದ, ಬಗಲಾಗ ಪುಸ್ತಕ,
ಒಂದೊಂದು ಬಿರಡಿಗೂ ಒಂದೊಂದು ನಂಬರು.
ಬ್ಯಾಟರಿ ಬಿಟ್ಟು ನೋಡಕೋತ ಒಂದು ಕಡೆ ನಿಂತ:
"ಈ ವಾಟರ್ ಪಂಪು ಕಂಪನಿದಲ್ಲ."

ಅಲ್ಲ.
ಹಿತ್ತಾಳಿ ಚಕ್ರದ ಬೆನ್ನಿಗೆ ಉಳಿಯಿಂದ ಕೊರದ ಒಂದ ಅಕ್ಷರ: ಮೌ.
ಮೌನೇಶಪ್ಪ. ನಮ್ಮಪ್ಪ.
ಎಪ್ಪತ್ತೊಂದರಾಗ ಪಂಪು ಒಡದಿತ್ತಂತ,
ಇಟಲಿಗೆ ಬರದ ಕಾಗದಕ್ಕ ಉತ್ತರಾ ಬರಲಿಲ್ಲಂತ.
ಬೆಣ್ಣಿಹಳ್ಳದ ಉಸುಕು ಸಾಣಿಸಿ, ಅಚ್ಚು ಒತ್ತಿ,
ಕುಲುಮ್ಯಾಗ ಏನೋ ಒಂದು ಕರಗಿಸಿ ಎರದಿದ್ದ.
ಚಕ್ರ ಕೂದಲಷ್ಟು ದೊಡ್ಡದಾತು.
ಚಕ್ರ ತಿಕ್ಕಲಿಲ್ಲ ಅವ, ಗಾಡಿ ಗೂಡನ್ನ ತಿಕ್ಕಿದ, ಅರ ಹಿಡದು.
ಯಾಕೋ ಯಪ್ಪಾ?
ಇಟಲಿಯವರ ಅಳತಿ ತಿದ್ದು ಅಂತ ನಿನಗ ಯಾರು ಹೇಳಿದ್ರು?

ಟ್ಯೂರಿನ್ ಊರಿಂದ ಡಬ್ಬಿ ಬಂತು.
ಹೊಸಾ ಪಂಪು ಇಟ್ಟರ ಗೂಡಿನ್ಯಾಗ ಲಟಪಟ.
ಅಪ್ಪ ತಿಕ್ಕಿ ತಗದದ್ದನ್ನ ನಾ ತುಂಬಬೇಕು.
ಮೂರು ರಾತ್ರಿ ವೆಲ್ಡಿಂಗು, ಹನಿ ಮ್ಯಾಲ ಹನಿ,
ಆಮ್ಯಾಲ ಲೇಥಿನ್ಯಾಗ ಕೂದಲು ಕೂದಲ ಇಳಿಸೂದು.
ಅವನ ಅರದ ಗೆರಿ ಒಂದೂ ಕಾಣದಂಗ ಮಾಡಿದೆ.
ಚಲೋ ಆತು. ಹೇಳಾಕ ನಾಚಿಕಿಲ್ಲ, ಬಾಳ ಚಲೋ ಆತು.

ಶುರು ಆದ ದಿನ ಸಾಹುಕಾರ್ರು ಉಣಕಲ್ ಕೆರಿತನಾ ಹೋಗಿ ಬಂದ್ರು.
ತಿಳಿನೀಲಿ. ಅಕ್ವಾದ ಮುಳ್ಳು ನಟ್ಟನಡುವ.
ಇಳದು, ಬಾಗಲಾ ಹಿಡಕೊಂಡ ಕೇಳಿದ್ರು:
"ಸೀಟಿ ಎಲ್ಲಿ ಹೋತು?"
"ಯಾವ ಸೀಟಿ ರೀ?"
"ಓಣಿ ತಿರುವಿನ್ಯಾಗ ಗಾಡಿ ಸೀಟಿ ಹೊಡೀತಿತ್ತಲ್ಲ,
ಅಪ್ಪ ಬಂದ್ರು ಅಂತ ನಾವು ಗಡಬಡಿಸಿ
ಪುಸ್ತಕ ತಕ್ಕೊಂಡ ಕುಂಡ್ರತಿದ್ವಿ."
ನಾ ಏನೂ ಅನ್ನಲಿಲ್ಲ.
ಪುಣೇದವನ ಪುಸ್ತಕದಾಗ ಸೀಟಿಗೆ ನಂಬರಿರಲಿಲ್ಲ.

ಮರುದಿನ ಅವ್ವ ಬಸ್ಸು ಹಿಡದು ಬುತ್ತಿ ತಂದ್ಲು,
ಬ್ಯಾಡ ಅಂದ್ರೂ ಕೇಳಾಂಗಿಲ್ಲ.
ಲೇಥಿನ ಬಾಜೂಕ ಬಿದ್ದಿದ್ದ ಹಿತ್ತಾಳಿ ಚಕ್ರ ಎತ್ತಿ,
ಸೆರಗಿನ್ಯಾಗ ಒರಸಿ, ಅಂಗೈಯಾಗ ತೂಗಿ ನೋಡಿ,
"ನನ್ನ ತಂಬಿಗಿ" ಅಂದ್ಲು.
ನರಗುಂದದಾಗ ತವರವರು ಕೊಟ್ಟದ್ದಂತ.
ಕುತ್ತಿಗಿ ಸುತ್ತ ಬಳ್ಳಿ ಇತ್ತಂತ.
"ಕೇಳದ ಒಯ್ದಿದ್ದ ನಿಮ್ಮಪ್ಪ. ವಾರದಾಗ ಹೊಸಾದು ತರತೀನಂದ.
ತಂದ, ಸ್ಟೀಲಿಂದು."

ಅರ್ಧಾ ರೊಟ್ಟಿ ಮುಗಿದಿತ್ತು, ಆವಾಗ ಕೇಳಿದ್ಲು:
"ಕಾಳೀ, ಇದನ್ನ ಹೆಂಗ ಇತ್ತೋ ಹಂಗ ಮಾಡಾಕ ಬರತದನ?"

ಎಷ್ಟು ದೊಡ್ಡದಿತ್ತಬೇ ಅಂದೆ.
ಗಾಳ್ಯಾಗ ಎರಡೂ ಕೈ ದುಂಡಗ ಹಿಡದ್ಲು, ಇಷ್ಟು.
ಕೈ ತೊಳಕೊಂಡು, ಕ್ಯಾಲಿಪರ್ ತಕ್ಕೊಂಡು
ಆ ಎರಡು ಅಂಗೈ ನಡುವ ಇಟ್ಟೆ.
ಅಲ್ಲಾಡಬ್ಯಾಡಬೇ ಅಂದೆ.